ಅಜ್ಜನ ಕ್ಯಾಮೆರಾಕ್ಕೆ ಲೆನ್ಸು ಹುಡುಕುವುದು ಹೇಗೆ?

ಹೋದ ದಸರಾ ರಜೆಯಲ್ಲಿ ಅಕ್ಕನ ಮಗಳು ನಮ್ಮ ತೀರ್ಥಹಳ್ಳಿ ಮನೆಯ ಬೀರು ಖಾಲಿ ಮಾಡುತ್ತಿದ್ದಳು. ಹಳೇ ಸೀರೆಗಳ ಅಡಿಯಿಂದ ಒಂದು ಚರ್ಮದ ಚೀಲ ಸಿಕ್ಕಿತು. ಒಳಗೆ ನನ್ನ ಅಪ್ಪನ, ರೀಲು ಹಾಕುವ ಪೆಂಟಾಕ್ಸ್ ಕೆ1000 ಕ್ಯಾಮೆರಾ. ನುಸಿ ಗುಳಿಗೆಯ ವಾಸನೆ, ಚರ್ಮದ ಮೇಲೆಲ್ಲ ಬಿಳಿ ಬೂಷ್ಟು. ಲಿವರ್ ಎಳೆದು ಗುಂಡಿ ಒತ್ತಿದಳು. 'ಟಕ್' ಅಂತ ಸದ್ದು ಬಂತು. "ಮಾಮ, ಅಜ್ಜನ ಕ್ಯಾಮೆರಾ ಇನ್ನೂ ನಡೀತಿದೆ! ಇದಕ್ಕೆ ಯಾವ ಲೆನ್ಸು ತಗೊಳ್ಳಲಿ?" ಅಂತ ಅಲ್ಲಿಂದಲೇ ಕೂಗಿದಳು.

ಈಗ ಬಹಳ ಜನ ಹುಡುಗ ಹುಡುಗಿಯರು ಇದೇ ಪ್ರಶ್ನೆ ಕೇಳುತ್ತಾರೆ. ಅವಳಿಗೆ ನಾನು ಹೇಳಿದ್ದು ಇಷ್ಟು: ಸದ್ಯಕ್ಕೆ ಯಾವುದೂ ಬೇಡ. ಇರುವ ಲೆನ್ಸಿನ ಗಾಜು ಚೆನ್ನಾಗಿದೆಯಾ ನೋಡು, ಕೈಯಲ್ಲಿರುವ ದುಡ್ಡಲ್ಲಿ ಐದು ರೀಲು ತಗೋ. ಐದೂ ಮುಗಿದ ಮೇಲೆ ಲೆನ್ಸಿನ ಮಾತು. ನಿಮಗೂ ಅದನ್ನೇ ಹೇಳುತ್ತೇನೆ. ಆದರೆ 'ಗಾಜು ಚೆನ್ನಾಗಿದೆಯಾ' ಅಂತ ನೋಡುವುದು ಹೇಗೆ, ಆಮೇಲೆ ಕೊಳ್ಳುವುದಾದರೆ ಏನು ಕೊಳ್ಳಬೇಕು ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮೊದಲು ಮೌಂಟ್ ಯಾವುದು ಗೊತ್ತಿರಲಿ

ಲೆನ್ಸು ಕ್ಯಾಮೆರಾಕ್ಕೆ ಕೂರುವ ಲೋಹದ ಬಳೆಗೆ ಮೌಂಟ್ ಅಂತಾರೆ. ಸಾಮಾನ್ಯವಾಗಿ ಒಂದು ಕಂಪನಿಯ ಮೌಂಟ್ ಇನ್ನೊಂದಕ್ಕೆ ಹೊಂದುವುದಿಲ್ಲ. ಒಂದೇ ಕಂಪನಿಯಲ್ಲೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಪೆಂಟಾಕ್ಸ್ 1975ರಲ್ಲಿ 'ಕೆ' ಮೌಂಟ್ ತಂದಿತು. ಅದಕ್ಕೂ ಮೊದಲಿನ ಸ್ಪಾಟ್‌ಮ್ಯಾಟಿಕ್‌ನಂಥ ಕ್ಯಾಮೆರಾಗಳಲ್ಲಿ ಇದ್ದದ್ದು ಎಂ42, ಅಂದರೆ 42 ಮಿಲಿಮೀಟರ್ ಅಗಲದ ತಿರುಪು. ನಮ್ಮಲ್ಲಿ ಅನೇಕರ ಮನೆಯಲ್ಲಿರುವ ರಷ್ಯಾದ ಜೆನಿಟ್ ಕ್ಯಾಮೆರಾಗಳಲ್ಲೂ ಹೆಚ್ಚಿನವು ಇದೇ ತಿರುಪಿನವು. ಲೆನ್ಸನ್ನು ಬಾಟಲಿ ಮುಚ್ಚಳದ ಹಾಗೆ ಹಲವು ಸುತ್ತು ತಿರುಗಿಸಿ ಬಿಚ್ಚಬೇಕಾದರೆ ಅದು ಎಂ42. ಗುಂಡಿ ಒತ್ತಿ ಕಾಲು ಸುತ್ತಿನಷ್ಟು ತಿರುಗಿಸಿದರೆ ಕೈಗೆ ಬಂದರೆ ಬೇರೆ.

ನಿಕಾನ್ ತನ್ನ ಕನ್ನಡಿ ಇರುವ (ಎಸ್‌ಎಲ್‌ಆರ್) ಕ್ಯಾಮೆರಾಗಳಿಗೆ 1959ರಿಂದ 'ಎಫ್' ಮೌಂಟನ್ನೇ ಇಟ್ಟುಕೊಂಡು ಬಂತು, ಹಾಗಂತ ಎಲ್ಲ ಲೆನ್ಸೂ ಎಲ್ಲಕ್ಕೂ ಆಗುತ್ತದೆ ಅಂದುಕೊಳ್ಳಬೇಡಿ. 1977ರಲ್ಲಿ 'ಎಐ' ಅನ್ನುವ ಬದಲಾವಣೆ ಬಂತು. ಅದಕ್ಕಿಂತ ಹಳೆಯ, ತಿದ್ದದ ಲೆನ್ಸನ್ನು ನಿಕಾನ್‌ನ ಎಫ್ಎಂ2 ಕ್ಯಾಮೆರಾಕ್ಕೆ ಒತ್ತಿ ಕೂರಿಸಿದರೆ ಮೌಂಟಿನ ಪಕ್ಕದ ಪುಟ್ಟ ನಾಲಗೆ ಮುರಿಯಬಹುದು. ಇನ್ನೊಂದು ತುದಿಯಲ್ಲಿ, ಡಿಜಿಟಲ್ ಕಾಲದ 'ಜಿ' ಲೆನ್ಸುಗಳಿಗೆ ಅಪರ್ಚರ್ ಬಳೆಯೇ, ಅಂದರೆ ಬೆಳಕು ಬರುವ ತೂತನ್ನು ಹಿಗ್ಗಿಸಿ ಕುಗ್ಗಿಸುವ ಬಳೆಯೇ, ಇರುವುದಿಲ್ಲ. ಹಳೆಯ ಕ್ಯಾಮೆರಾದಲ್ಲಿ ಅವು ತೀರಾ ಚಿಕ್ಕ ತೂತಿನಲ್ಲೇ ನಿಂತುಬಿಡುತ್ತವೆ.

ಬೇರೆ ಮೌಂಟಿನ ಲೆನ್ಸು ಕೂರಿಸಲು ನಡುವೆ ಹಾಕುವ ಬಳೆಗೆ ಅಡಾಪ್ಟರ್ ಅಂತಾರೆ. 'ಅಡಾಪ್ಟರ್ ಹಾಕಿದರೆ ಆಯ್ತು' ಅಂತ ಯಾರಾದರೂ ಹೇಳಿದರೆ ಒಂದು ಲೆಕ್ಕ ನೆನಪಿಡಿ. ಮೌಂಟಿನಿಂದ ಫಿಲ್ಮಿನವರೆಗೆ ಎಂ42ರಲ್ಲಿ 45.46 ಮಿ.ಮೀ. ದೂರ. ಪೆಂಟಾಕ್ಸ್ ಕೆ ಕೂಡ ಅಷ್ಟೇ. ಹಾಗಾಗಿ ಎಂ42 ಲೆನ್ಸು ತೆಳು ಬಳೆಯೊಂದನ್ನು ಹಾಕಿದರೆ ಕೆ1000ಕ್ಕೆ ಸರಿಯಾಗಿ ಕೂರುತ್ತದೆ. ನಿಕಾನ್‌ನಲ್ಲಿ ಈ ದೂರ 46.5 ಮಿ.ಮೀ. ಒಂದೇ ಮಿಲಿಮೀಟರ್ ಜಾಸ್ತಿ, ಆದರೆ ಅಷ್ಟಕ್ಕೇ ಅದರಲ್ಲಿ ಎಂ42 ಲೆನ್ಸು ಹಾಕಿದರೆ ದೂರದ ಗುಡ್ಡ ಫೋಕಸ್ ಆಗುವುದಿಲ್ಲ. ಹತ್ತಿರದ ಹೂವು ಮಾತ್ರ ಬರುತ್ತದೆ. ಇದಕ್ಕೆ ಗಾಜು ಇರುವ ಅಡಾಪ್ಟರ್ ಮಾರುತ್ತಾರೆ. ಬೇಡ. ಒಳ್ಳೆ ಲೆನ್ಸಿನ ಹಿಂದೆ ಅಗ್ಗದ ಗಾಜು ಇಡುವುದು ಆ ಲೆನ್ಸಿಗೆ ಮಾಡುವ ಅನ್ಯಾಯ.

ಟಾರ್ಚ್ ಇಲ್ಲದೆ ಅಂಗಡಿಗೆ ಹೋಗಬೇಡಿ

ಹಳೇ ಲೆನ್ಸು ಕೊಳ್ಳುವವರು ಕಲಿಯಲೇಬೇಕಾದ ವಿದ್ಯೆ ಇದೊಂದು. ನಾನು ಕಲಿತದ್ದು ದುಡ್ಡು ಕಳೆದುಕೊಂಡು. ಕೆಲವು ವರ್ಷಗಳ ಹಿಂದೆ ಒಂದು ಸಂತೆಯಲ್ಲಿ 135 ಎಂ.ಎಂ. ಲೆನ್ಸು ಸಿಕ್ಕಿತು. ಹೊರಗಿನಿಂದ ಫಳಫಳ ಅನ್ನುತ್ತಿತ್ತು. ಆಕಾಶಕ್ಕೆ ಹಿಡಿದು ನೋಡಿದೆ, ಚೆನ್ನಾಗಿಯೇ ಕಂಡಿತು. ತಂದೆ. ಮೊದಲ ರೀಲು ತೊಳೆಸಿದಾಗ ಬಿಸಿಲಿಗೆ ಎದುರಾಗಿ ತೆಗೆದ ಚಿತ್ರಗಳೆಲ್ಲ ಹಾಲು ಚೆಲ್ಲಿದ ಹಾಗೆ ಮಸುಕು. ರಾತ್ರಿ ಟಾರ್ಚ್ ಬಿಟ್ಟು ನೋಡಿದರೆ ಒಳಗಿನ ಗಾಜಿನ ಅಂಚಿನಿಂದ ನಡುವಿನವರೆಗೆ ಜೇಡರ ಬಲೆಯ ಹಾಗೆ ಎಳೆಗಳು. ಅದು ಫಂಗಸ್, ನಮ್ಮ ಮಾತಿನಲ್ಲಿ ಬೂಷ್ಟು.

ಆಕಾಶಕ್ಕೆ ಹಿಡಿದರೆ ಬೂಷ್ಟು ಕಾಣುವುದಿಲ್ಲ. ಹೀಗೆ ಮಾಡಿ. ನೆರಳಿರುವ ಕಡೆ ನಿಲ್ಲಿ. ಅಪರ್ಚರ್ ಬಳೆಯನ್ನು ಅತಿ ಚಿಕ್ಕ ಅಂಕಿಗೆ ತಿರುಗಿಸಿ, ತೂತು ಪೂರ್ತಿ ತೆರೆಯಲಿ. ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚನ್ನು ನೇರ ಅಲ್ಲ, ಓರೆಯಾಗಿ ಬಿಡಿ. ಮುಂದಿನಿಂದ ನೋಡುತ್ತಾ ಲೆನ್ಸನ್ನು ನಿಧಾನಕ್ಕೆ ಆಡಿಸಿ. ಆಮೇಲೆ ತಿರುವಿಟ್ಟು ಇನ್ನೊಂದು ಕಡೆಯಿಂದ ನೋಡಿ. ಅಲ್ಲಲ್ಲಿ ಧೂಳಿನ ಚುಕ್ಕೆ ಕಂಡರೆ ಹೆದರಬೇಡಿ, ಮೂವತ್ತು ನಲವತ್ತು ವರ್ಷದ ಲೆನ್ಸಿನಲ್ಲಿ ಅದು ಇದ್ದೇ ಇರುತ್ತದೆ, ಚಿತ್ರದಲ್ಲಿ ಕಾಣುವುದಿಲ್ಲ. ಕವಲೊಡೆದ ಎಳೆ ಕಂಡರೆ ಬೂಷ್ಟು. ಇಡೀ ಗಾಜು ಉಸಿರು ಬಿಟ್ಟ ಕನ್ನಡಿಯಂತೆ ಮಬ್ಬಾಗಿದ್ದರೆ ಒಳಗೆ ಜಿಡ್ಡಿನ ಪದರ ಕೂತಿದೆ. ಮುಂದಿನ ಗಾಜಿನ ಮೇಲೆ ಒಂದೆರಡು ಸಣ್ಣ ಗೀರು ಪರವಾಗಿಲ್ಲ. ಹಿಂದಿನ ಗಾಜಿನ ಗೀರು ಮಾತ್ರ ಬಿಡಿ, ಚಿತ್ರಕ್ಕೆ ಹೆಚ್ಚು ಪೆಟ್ಟು ಕೊಡುವುದು ಅದು.

ಬೂಷ್ಟನ್ನು ತೆಗೆಸಬಹುದಲ್ವಾ ಅಂತ ಕೇಳಬಹುದು. ಶುರುವಿನಲ್ಲಿದ್ದರೆ ಬಿಚ್ಚಿ ಒರೆಸಿದರೆ ಹೋಗುತ್ತದೆ. ಬಹಳ ದಿನ ಬಿಟ್ಟರೆ ಅದು ಬಿಡುವ ಆಮ್ಲ ಗಾಜಿನ ಮೇಲಿನ ಲೇಪನವನ್ನು ತಿಂದುಬಿಡುತ್ತದೆ. ಆ ಗುರುತು ಅಳಿಸುವುದಿಲ್ಲ.

ಮುಂದೆ ಅಪರ್ಚರ್ ಎಲೆಗಳು. ಬಳೆಯನ್ನು 16 ಅಥವಾ 22ಕ್ಕೆ ತಿರುಗಿಸಿ. ಹೆಚ್ಚಿನ ಲೆನ್ಸುಗಳ ಹಿಂದೆ ಒಂದು ಪುಟ್ಟ ಕಡ್ಡಿ ಇರುತ್ತದೆ. ಉಗುರಿನಿಂದ ಅದನ್ನು ಸರಿಸಿ ಬಿಡಿ. ಎಲೆಗಳು ಕಣ್ಣು ಮಿಟುಕಿಸಿದ ಹಾಗೆ ಥಟ್ಟನೆ ಮುಚ್ಚಬೇಕು. ನಿಧಾನಕ್ಕೆ ತೆವಳಿದರೆ ಎಣ್ಣೆ ಹತ್ತಿದೆ ಅಂತ ಅರ್ಥ. ಅಂಥ ಲೆನ್ಸಿನಲ್ಲಿ ಬಿಸಿಲಿನ ಚಿತ್ರಗಳೆಲ್ಲ ಬೆಳ್ಳಗಾಗುತ್ತವೆ. ನಾವು ಸುಮ್ನೆ ಬೆಳಕು ಅಳೆಯುವ ಮೀಟರ್ ಕೆಟ್ಟಿದೆ ಅಂತ ತಲೆ ಕೆಡಿಸಿಕೊಳ್ಳುತ್ತೇವೆ.

ಕೊನೆಗೆ ಮೌಂಟಿನ ತಿರುಪುಗಳ ತಲೆ ನೋಡಿ. ತಿರುಪುಳಿ ಜಾರಿ ಕಿತ್ತುಹೋಗಿದ್ದರೆ ಯಾರೋ ಬಿಚ್ಚಿ ಪ್ರಯೋಗ ಮಾಡಿದ್ದಾರೆ. ಫೋಕಸ್ ಬಳೆ ಬೆಣ್ಣೆಯಂತೆ ತಿರುಗಬೇಕು. ಅಲ್ಲಾಡಿಸಿದರೆ ಲೊಟಗುಟ್ಟಬಾರದು.

ಒಂದು ವಿಷಯಕ್ಕೆ ಮಾತ್ರ ಗಾಬರಿ ಬೇಡ. ಸೂಪರ್ ಟಾಕುಮಾರ್ 50 ಎಂ.ಎಂ. ಎಫ್/1.4ನಂಥ ಕೆಲವು ಹಳೇ ಲೆನ್ಸುಗಳ ಗಾಜು ಚಹಾ ಸೋಸಿದ ನೀರಿನಂತೆ ಹಳದಿಯಾಗಿರುತ್ತದೆ. ಆ ಗಾಜಿನಲ್ಲಿ ಥೋರಿಯಂ ಅನ್ನುವ ವಿಕಿರಣ ಧಾತು ಇದೆ, ಕಾಲ ಕಳೆದಂತೆ ಹಳದಿಯಾಗುತ್ತದೆ. ಕೆಲವು ದಿನ ಬಿಸಿಲಿಗೆ ಇಟ್ಟರೆ ಬಹುಮಟ್ಟಿಗೆ ತಿಳಿಯಾಗುತ್ತದೆ. ಹಳದಿ ಅಂತ ಕಡಿಮೆ ಬೆಲೆಗೆ ಕೊಟ್ಟರೆ ತಗೊಳ್ಳಿ.

ಯಾವ ಅಳತೆ?

ಲೆನ್ಸಿನ ಎಂ.ಎಂ. ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ, ಚಿಕ್ಕದಾದಷ್ಟೂ ಹೆಚ್ಚು ಅಗಲ ಚಿತ್ರದಲ್ಲಿ ಹಿಡಿಸುತ್ತದೆ. 50 ಎಂ.ಎಂ.ನಿಂದ ಶುರು ಮಾಡಿ. ಆ ಕಾಲದ ಕ್ಯಾಮೆರಾಗಳು ಬಹುಪಾಲು ಇದೇ ಲೆನ್ಸಿನ ಜೊತೆ ಮಾರಾಟವಾದವು. ಹಾಗಾಗಿ ಸುಲಭಕ್ಕೆ ಸಿಗುತ್ತದೆ, ಬೆಲೆಯೂ ಕಡಿಮೆ. ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ ಬ್ರೆಸ್ಸೋನ್ ತಮ್ಮ ಹೆಚ್ಚಿನ ಚಿತ್ರಗಳನ್ನು ತೆಗೆದದ್ದು 50ರಲ್ಲೇ.

ಇನ್ನೊಂದು ಕಾರಣವೂ ಇದೆ. ಈ ಕ್ಯಾಮೆರಾಗಳಲ್ಲಿ ಫೋಕಸ್ ಮಾಡುವುದು ನಿಮ್ಮ ಕಣ್ಣು. ಲೆನ್ಸಿನೊಳಗೆ ಎಷ್ಟು ಬೆಳಕು ಬರುತ್ತದೋ ಅಷ್ಟೇ ಕಿಂಡಿಯಲ್ಲಿ ಕಾಣುವುದು. ಎಫ್ ಮುಂದಿನ ಅಂಕಿ ಚಿಕ್ಕದಾದಷ್ಟೂ ತೂತು ದೊಡ್ಡದು. ಎಫ್/2 ಲೆನ್ಸು ಎಫ್/5.6ಗಿಂತ ಎಂಟು ಪಟ್ಟು ಹೆಚ್ಚು ಬೆಳಕು ಬಿಡುತ್ತದೆ. ಎಫ್/5.6ರ ಅಗ್ಗದ ಜೂಮ್ ಹಾಕಿ ಮನೆಯೊಳಗೆ ನೋಡಿದರೆ ಕಿಂಡಿಯ ನಡುವಿನ ಫೋಕಸ್ ವೃತ್ತ ಅರ್ಧ ಕಪ್ಪಾಗಿ, ಅಜ್ಜಿಯ ಮುಖ ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ. ಜೂಮ್ ಬೇಡ ಅನ್ನಲು ನನಗೆ ಇದೊಂದೇ ಕಾರಣ ಸಾಕು.

ಎರಡನೇ ಲೆನ್ಸು ಯಾವುದು ಅಂತ ನಿಮ್ಮ ರೀಲುಗಳೇ ಹೇಳುತ್ತವೆ. ಅಕ್ಕನ ಮಗಳ ಐದು ರೀಲುಗಳ ಪ್ರಿಂಟುಗಳನ್ನು ನೆಲದ ಮೇಲೆ ಹರಡಿಕೊಂಡು ಕೂತೆವು. ಅಡುಗೆಮನೆ, ಜಗಲಿ, ಬಸ್ಸಿನ ಒಳಗೆ. ಎಷ್ಟೋ ಚಿತ್ರಗಳಲ್ಲಿ ಯಾರದೋ ಭುಜ ಕತ್ತರಿಸಿತ್ತು. 'ಗೋಡೆಗೆ ಬೆನ್ನು ತಾಗಿತು ಮಾಮ, ಇನ್ನೂ ಹಿಂದೆ ಹೋಗಕ್ಕೆ ಜಾಗ ಇರ್ಲಿಲ್ಲ' ಅಂದಳು. ಅವಳಿಗೆ ಬೇಕಾದದ್ದು 28. ಮನೆ ಒಳಗೆ, ಜಾತ್ರೆಯ ನೂಕುನುಗ್ಗಲಿನಲ್ಲಿ ಅದು ಹೊಂದುತ್ತದೆ. ನಿಮ್ಮ ಪ್ರಿಂಟುಗಳಲ್ಲಿ ಮುಖಗಳೆಲ್ಲ ದೂರದಲ್ಲಿ ಚಿಕ್ಕದಾಗಿ ಕಂಡರೆ 135 ನೋಡಿ. 85 ಇನ್ನೂ ಚೆಂದ, ಆದರೆ ಬೆಲೆ ಜಾಸ್ತಿ. 135 ಹಾಕಿದಾಗ ಕೈಯಲ್ಲಿ ಹಿಡಿದು ತೆಗೆಯುವುದಾದರೆ ಶಟರ್ ವೇಗ 1/250ಕ್ಕಿಂತ ಕೆಳಗೆ ಇಳಿಸಬೇಡಿ.

ಟ್ಯಾಮ್ರಾನ್‌ನ 'ಅಡಾಪ್ಟಾಲ್' ಲೆನ್ಸು ಕಂಡರೆ ಮೌಂಟ್ ಬೇರೆ ಅಂತ ಬಿಟ್ಟುಬರಬೇಡಿ. ಅದರ ಮೌಂಟ್ ಮಾತ್ರ ಬಿಚ್ಚಿ ಬದಲಿಸಬಹುದು. ನಿಮ್ಮ ಕ್ಯಾಮೆರಾದ ಬಳೆ ಬೇರೆಯಾಗಿ ಹುಡುಕಿಕೊಂಡರೆ ಆಯಿತು.

ಜೊತೆಗೆ ಏನೇನು ಬೇಕು

ಮೊದಲು ಹುಡ್, ಅಂದರೆ ಲೆನ್ಸಿನ ಮುಂದೆ ನೆರಳಿಗೆ ಹಾಕುವ ಕೊಳವೆ. ಹಳೇ ಲೆನ್ಸುಗಳು ಓರೆ ಬಿಸಿಲಿಗೆ ಬೇಗ ಮಂಕಾಗುತ್ತವೆ. ಮಡಚುವ ರಬ್ಬರ್ ಹುಡ್ ಅಗ್ಗ, ಲೆನ್ಸು ಬಿದ್ದರೆ ಪೆಟ್ಟೂ ಅದಕ್ಕೇ. ಲೆನ್ಸಿನ ಮುಂದಿನ ಬಳೆಯ ಅಳತೆ ನೋಡಿಕೊಳ್ಳಿ. ಪೆಂಟಾಕ್ಸ್‌ನ ಚಿಕ್ಕ ಲೆನ್ಸುಗಳಲ್ಲಿ ಹೆಚ್ಚಾಗಿ 49 ಮಿ.ಮೀ., ನಿಕಾನ್‌ನಲ್ಲಿ 52.

ಕಪ್ಪು-ಬಿಳುಪು ರೀಲು ಹಾಕುವವರು ಒಂದು ಹಳದಿ ಫಿಲ್ಟರ್ ತಗೊಳ್ಳಿ. ನಮ್ಮ ಅಪ್ಪ ಹಾಕುತ್ತಿದ್ದದ್ದು ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ 'ಇಂದು' ರೀಲು. ಈಗ ಅದು ತಯಾರಾಗುವುದಿಲ್ಲ. ಅಕ್ಕನ ಮಗಳು ಹಾಕುತ್ತಿರುವುದು ಇಲ್ಫರ್ಡ್‌ನ ಎಚ್‌ಪಿ5. ರೀಲು ಯಾವುದಾದರೂ ಆಗಲಿ, ಫಿಲ್ಟರ್ ಇಲ್ಲದೆ ತೆಗೆದರೆ ನೀಲಿ ಆಕಾಶ ಬೆಳ್ಳಗಾಗಿ ಮೋಡ ಅದರಲ್ಲಿ ಕರಗಿಹೋಗುತ್ತದೆ. ಹಳದಿ ಗಾಜು ನೀಲಿಯನ್ನು ತಡೆಯುತ್ತದೆ. ಆಕಾಶ ಒಂದಿಷ್ಟು ಕಪ್ಪಾಗಿ ಮೋಡ ಎದ್ದು ನಿಲ್ಲುತ್ತದೆ. ಬೆಳಕು ಒಂದು ಸ್ಟಾಪ್‌ನಷ್ಟು, ಅಂದರೆ ಅರ್ಧಕ್ಕೆ, ಕಡಿಮೆಯಾಗುತ್ತದೆ ನಿಜ, ಆದರೆ ಕೆ1000ದ ಮೀಟರ್ ಲೆನ್ಸಿನ ಮೂಲಕವೇ ನೋಡುವುದರಿಂದ ಲೆಕ್ಕ ಅದೇ ಹಾಕಿಕೊಳ್ಳುತ್ತದೆ. ಕೆಂಪು ಫಿಲ್ಟರ್ ಆಕಾಶವನ್ನು ಕಪ್ಪಾಗಿಸುತ್ತದೆ. ಮೂರು ಸ್ಟಾಪ್ ಬೆಳಕು ತಿನ್ನುತ್ತದೆ, ಮುಖದ ಮೈಬಣ್ಣವನ್ನೂ ಬಿಳಿಚಿಸುತ್ತದೆ. ಮೊದಲಿಗೇ ಬೇಡ.

ಬ್ಯಾಟರಿ ಕೆ1000ಕ್ಕೆ ಒಂದೇ ಎಲ್‌ಆರ್44, ಗಡಿಯಾರದ ಅಂಗಡಿಯಲ್ಲಿ ಸಿಗುತ್ತದೆ. ಅದು ಮೀಟರಿಗೆ ಮಾತ್ರ, ಇಲ್ಲದಿದ್ದರೂ ಶಟರ್ ನಡೆಯುತ್ತದೆ. ಈ ಕ್ಯಾಮೆರಾದ ಮೀಟರಿಗೆ ಸ್ವಿಚ್ ಇಲ್ಲ, ಬೆಳಕು ಬಿದ್ದಷ್ಟೂ ಹೊತ್ತು ಬ್ಯಾಟರಿ ಸವೆಯುತ್ತಿರುತ್ತದೆ. ಅದಕ್ಕೇ ಲೆನ್ಸಿನ ಮುಚ್ಚಳ ಕಳೆದುಕೊಳ್ಳಬೇಡಿ, ಅದೇ ಇದರ ಸ್ವಿಚ್. ಕ್ಯಾನನ್ ಕ್ಯಾನೊನೆಟ್‌ನಂಥ ಹಳೇ ಕ್ಯಾಮೆರಾಗಳಿಗೆ ಆಗ ಪಾದರಸದ 1.35 ವೋಲ್ಟ್ ಬ್ಯಾಟರಿ ಬೇಕಿತ್ತು. ಅದರ ಜಾಗಕ್ಕೆ 1.5 ವೋಲ್ಟಿನದು ಹಾಕಿದರೆ ಮೀಟರ್ ತಪ್ಪು ಹೇಳುತ್ತದೆ. ಕಿವಿ ಯಂತ್ರಕ್ಕೆ ಹಾಕುವ 675 ಬ್ಯಾಟರಿ 1.4 ವೋಲ್ಟಿನದು, ಸುತ್ತ ಒಂದು ಬಳೆ ಇಟ್ಟು ಕೂರಿಸಿದರೆ ಕೆಲಸ ನಡೆಯುತ್ತದೆ.

ಹಿಂಬಾಗಿಲು ತೆರೆದು ಅಂಚಿನ ಕಪ್ಪು ಸ್ಪಂಜು ಮುಟ್ಟಿ. ಬೆರಳಿಗೆ ಅಂಟಿದರೆ ಅದನ್ನು ಬದಲಿಸಲೇಬೇಕು. ಇಲ್ಲದಿದ್ದರೆ ಬೆಳಕು ಸೋರಿ ಚಿತ್ರದ ಮೇಲೆ ಕೆಂಪು ಪಟ್ಟಿ ಬರುತ್ತದೆ.

ಹಳೇ ಫ್ಲ್ಯಾಶ್ ಇದ್ದರೆ ಶಟರ್ 1/60ರಲ್ಲಿ ಇಡಿ. ವೇಗ ಜಾಸ್ತಿಯಾದರೆ ಚಿತ್ರದ ಒಂದು ಭಾಗ ಕಪ್ಪಾಗುತ್ತದೆ. ಹೂವು, ಹುಳ ಇಷ್ಟಪಡುವವರು ಚಿಕ್ಕದನ್ನು ದೊಡ್ಡದಾಗಿ ತೋರಿಸುವ ದುಬಾರಿ ಮ್ಯಾಕ್ರೊ ಲೆನ್ಸಿಗೆ ಮೊದಲು ಒಂದು ರಿವರ್ಸ್ ರಿಂಗ್ ತಂದು 50 ಎಂ.ಎಂ. ಅನ್ನು ತಿರುವುಮುರುವಾಗಿ ಹಾಕಿ ನೋಡಿ. ದಾಸವಾಳದ ಕೇಸರದ ಮೇಲಿನ ಪರಾಗ ಕಾಳು ಕಾಳಾಗಿ ಕಾಣುತ್ತದೆ. ಟ್ರೈಪಾಡ್, ಕ್ಯಾಮೆರಾ ಅಲುಗದಂತೆ ಗುಂಡಿ ಒತ್ತುವ ತಿರುಪಿನ ಕೇಬಲ್ ರಿಲೀಸ್ ಆಗ ಬೇಕಾಗುತ್ತವೆ.

ಮಳೆಗಾಲದ ಡಬ್ಬಿ

ಮಲೆನಾಡು, ಕರಾವಳಿಯವರಿಗೆ ಇದು ಎರಡನೇ ಲೆನ್ಸಿಗಿಂತ ಮುಖ್ಯ. ಗಾಳಿಯ ತೇವ ಶೇ 60 ದಾಟಿ ಹಾಗೇ ಇದ್ದರೆ ಬೂಷ್ಟಿಗೆ ಅನುಕೂಲ. ಶೇ 40ರಿಂದ 50ರ ನಡುವೆ ಇದ್ದರೆ ಲೆನ್ಸಿಗೆ ಕ್ಷೇಮ. ಇದಕ್ಕೆಂದೇ ವಿದ್ಯುತ್ ಪೆಟ್ಟಿಗೆಗಳು ಬರುತ್ತವೆ, ದುಡ್ಡಿದ್ದರೆ ತಗೊಳ್ಳಿ. ಇಲ್ಲದಿದ್ದರೆ ಅಡುಗೆಮನೆಯ ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿ ಸಾಕು. ಒಳಗೆ ಸಿಲಿಕಾ ಜೆಲ್ ಕಾಳು, ಜೊತೆಗೊಂದು ಪುಟ್ಟ ತೇವಮಾಪಕ. ಅಕ್ಕಿಯಲ್ಲಿ ಹುಗಿದಿಡುವುದು ಉಪಯೋಗವಿಲ್ಲ, ಧೂಳು ಬೇರೆ.

ಚರ್ಮದ ಚೀಲವನ್ನು ಡಬ್ಬಿಯೊಳಗೆ ಹಾಕಬೇಡಿ. ಬೂಷ್ಟು ಮೊದಲು ಹತ್ತುವುದೇ ಅದಕ್ಕೆ. ಅಪ್ಪನ ಚೀಲ ಎಸೆಯಲು ಅಕ್ಕನ ಮಗಳಿಗೆ ಮನಸ್ಸಾಗಲಿಲ್ಲ. ಒರೆಸಿ, ಬಿಸಿಲಿಗೆ ಹಾಕಿ, ಗೋಡೆಯ ಮೊಳೆಗೆ ನೇತುಹಾಕಿದ್ದಾಳೆ.

ಕಿತ್ತಳೆ ಬಣ್ಣದ ಸಿಲಿಕಾ ತಗೊಳ್ಳಿ. ತೇವ ಹೀರಿದರೆ ಹಸಿರಾಗುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆಮನೆಗೆ ತರಬೇಡಿ. ಹಸಿರಾದ ಕಾಳನ್ನು ದೋಸೆ ಕಾವಲಿಯಲ್ಲಲ್ಲ, ಅದಕ್ಕೆಂದೇ ಇಟ್ಟ ಹಳೇ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಯಾಡಿಸುತ್ತಾ ಹುರಿಯಿರಿ. ಬಣ್ಣ ಮರಳಿದ ಮೇಲೆ ಪೂರ್ತಿ ಆರಿಸಿ ಡಬ್ಬಿಗೆ ಹಾಕಿ. ಈ ಆಷಾಢದಲ್ಲಿ ಅವಳ ಡಬ್ಬಿಯ ಕಾಳು ಎರಡು ಸಲ ಹಸಿರಾಯಿತು. ಎರಡು ಸಲವೂ ಹುರಿದು ಹಾಕಿದಳು. ಮೊನ್ನೆ ಟಾರ್ಚ್ ಬಿಟ್ಟು ನೋಡಿದೆವು. 50ರ ಗಾಜಿನಲ್ಲಿ ಹಳೇ ಧೂಳಿನ ಎರಡು ಚುಕ್ಕೆ ಬಿಟ್ಟರೆ ಏನೂ ಇಲ್ಲ.