ಬೇಡದ ಗುಂಡಿಗೆ ಹಣ ಕೊಡದೆ ಗೃಹೋಪಯೋಗಿ ಯಂತ್ರ ಕೊಳ್ಳುವ ಬಗೆ

ತುಮಕೂರಿನ ಎಂ.ಜಿ. ರಸ್ತೆಯಲ್ಲಿಯೋ ಬಿ.ಎಚ್. ರಸ್ತೆಯಲ್ಲಿಯೋ ಯಾವ ಅಂಗಡಿಗೆ ಹೋದರೂ ಮಾರಾಟದವರು ಮೊದಲು ತೋರಿಸುವುದು ಯಂತ್ರದ ಮೇಲೆ ಅಂಟಿಸಿದ ಬಣ್ಣದ ಚೀಟಿಯನ್ನು. ಹದಿನಾಲ್ಕು ಬಗೆಯ ಒಗೆತ, ವೈಫೈ, ಹಬೆ, ಮೊಬೈಲ್‌ನಿಂದಲೇ ಚಾಲನೆ ಎಂದು ಅದರಲ್ಲಿ ಬರೆದಿರುತ್ತದೆ. ನಿಮ್ಮ ಮನೆಗೆ ಬರುವುದು ಹೇಮಾವತಿಯ ನೀರೋ ಬೋರ್‌ವೆಲ್ ನೀರೋ, ತಾರಸಿಯ ಟ್ಯಾಂಕು ಎಷ್ಟು ಎತ್ತರದಲ್ಲಿದೆ, ಕರೆಂಟ್ ದಿನಕ್ಕೆ ಎಷ್ಟು ಬಾರಿ ಹೋಗುತ್ತದೆ ಎಂದು ಮಾತ್ರ ಅವರು ಕೇಳುವುದಿಲ್ಲ. ಆದ್ದರಿಂದ ಈ ಮೂರು ಪ್ರಶ್ನೆಗಳ ಉತ್ತರವನ್ನೂ, ಹಳೆಯ ಯಂತ್ರದಲ್ಲಿ ಕಳೆದ ಒಂದು ತಿಂಗಳು ನೀವು ನಿಜವಾಗಿ ಒತ್ತಿದ ಗುಂಡಿಗಳು ಯಾವುವು ಎಂಬುದನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡೇ ಮನೆಯಿಂದ ಹೊರಡಬೇಕು. ಹೆಚ್ಚಿನ ಮನೆಗಳಲ್ಲಿ ಆ ಗುಂಡಿಗಳ ಸಂಖ್ಯೆ ಎರಡು ಮೂರನ್ನು ದಾಟುವುದಿಲ್ಲ.

ಹೆಚ್ಚು ಎಚ್ಚರ ಬೇಕಾಗುವುದು ವಾಷಿಂಗ್ ಮೆಷಿನ್ ವಿಷಯದಲ್ಲಿ. ಶಿರಾ, ಮಧುಗಿರಿ, ಪಾವಗಡದ ಕಡೆ ಬೋರ್‌ವೆಲ್ ನೀರನ್ನೇ ನಂಬಿದ ಮನೆಗಳಲ್ಲಿ ಬಕೆಟ್ಟಿನ ಅಂಚಿಗೂ ಗೀಸರ್‌ನ ಕಾಯಿಲ್‌ಗೂ ಬಿಳಿ ಪದರ ಕಟ್ಟುವುದನ್ನು ಎಲ್ಲರೂ ಕಂಡಿರುತ್ತಾರೆ. ಗಡಸು ನೀರು ಒಣಗಿದಾಗ ಅಥವಾ ಅದನ್ನು ಕಾಯಿಸಿದಾಗ ಅದರಲ್ಲಿ ಕರಗಿದ ಸುಣ್ಣದ ಅಂಶ ಹೀಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೆಷಿನ್ನಿನೊಳಗಿನ ಹೀಟರ್‌ಗೂ ಇದೇ ಗತಿ. ಬಿಸಿನೀರಿನ ಒಗೆತವನ್ನು ವಾರಕ್ಕೊಮ್ಮೆಯೂ ಬಳಸದವರು ಹೀಟರ್ ಇಲ್ಲದ ಮೆಷಿನ್ ತೆಗೆದುಕೊಳ್ಳುವುದೇ ಲೇಸು. ಬಳಸುವವರು ಕೈಪಿಡಿಯಲ್ಲಿ ಹೇಳಿದಂತೆ ಪದರ ಕರಗಿಸುವ ಪುಡಿ ಹಾಕಿ ಡ್ರಮ್ಮನ್ನು ಆಗಾಗ ಖಾಲಿ ಓಡಿಸಬೇಕು. 2000 ವ್ಯಾಟ್‌ನ ಹೀಟರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್ ಖರ್ಚಾಗುತ್ತದೆ ಎಂಬುದನ್ನೂ ಮರೆಯಬಾರದು, ಏಕೆಂದರೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿತೆಂದರೆ ಆ ತಿಂಗಳ ಪೂರ್ತಿ ಬಿಲ್ಲನ್ನು ನಾವೇ ಕಟ್ಟಬೇಕಾಗುತ್ತದೆ.

ಇನ್ನು ನೀರಿನ ಒತ್ತಡ. ಹಲವು ಆಟೊಮ್ಯಾಟಿಕ್ ಮೆಷಿನ್‌ಗಳಿಗೆ ಕನಿಷ್ಠ 0.3ರಿಂದ 0.5 ಬಾರ್ ಒತ್ತಡ ಬೇಕು, ಮತ್ತು ಟ್ಯಾಂಕಿನ ನೀರು ನಲ್ಲಿಗಿಂತ ಒಂದು ಮೀಟರ್ ಎತ್ತರದಲ್ಲಿದ್ದರೆ ಸಿಗುವ ಒತ್ತಡ ಸುಮಾರು 0.1 ಬಾರ್ ಮಾತ್ರ. ಟ್ಯಾಂಕು ಇರುವ ತಾರಸಿಯ ಮೇಲೆಯೇ ಮೆಷಿನ್ ಇಡುವ ಮನೆಗಳಲ್ಲಿ ಹದಿನಾಲ್ಕು ಬಗೆಯ ಒಗೆತಗಳಲ್ಲಿ ಒಂದೂ ಸರಿಯಾಗಿ ನಡೆಯದೆ, ನೀರು ಬರುತ್ತಿಲ್ಲ ಎಂಬ ಸೂಚನೆಯಷ್ಟೇ ಮಿನುಗುತ್ತಿರುತ್ತದೆ. ಅಂಥವರಿಗೆ ಬಕೆಟ್ಟಿನಲ್ಲಿ ನೀರು ಸುರಿದು ನಡೆಸಬಹುದಾದ ಸೆಮಿ ಆಟೊಮ್ಯಾಟಿಕ್ ಮೆಷಿನ್ ಸಾಕು. ಒಮ್ಮೆ ಬಳಸಿದ ಸೋಪಿನ ನೀರಿನಲ್ಲೇ ಮತ್ತೊಂದು ಸರದಿ ಬಟ್ಟೆ ಒಗೆಯಲೂ ಅದರಲ್ಲಿ ಅನುಕೂಲವಿದೆ. ಆಟೊಮ್ಯಾಟಿಕ್ ಬೇಕೆನ್ನುವವರು ಕೇಳಿ ಪಡೆಯಬೇಕಾದ ಒಂದು ಸೌಲಭ್ಯವುಂಟು: ಕರೆಂಟ್ ಹೋಗಿ ಬಂದ ಮೇಲೆ ಒಗೆತವು ನಿಂತಲ್ಲಿಂದಲೇ ಮುಂದುವರಿಯುವುದು. ವೈಫೈಯನ್ನು ಬಿಟ್ಟುಬಿಡಬಹುದು. ಒಗೆಯುವ ಬಟ್ಟೆಯನ್ನು ನಾವೇ ಹೋಗಿ ಒಳಗೆ ಹಾಕಬೇಕಾದ ಮೇಲೆ ಗುಂಡಿ ಒತ್ತುವುದಕ್ಕೆ ಮೊಬೈಲ್ ಏಕೆ?

ಕುಡಿಯುವ ನೀರಿನ ಯಂತ್ರದಲ್ಲಿ ಲೆಕ್ಕ ಬೇರೆ. ಪಾವಗಡದಂಥ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದರಿಂದ, ಕರಗಿದ ಲವಣಗಳನ್ನೂ ಸೋಸಿ ತೆಗೆಯುವ ಆರ್‌ಒ ಯಂತ್ರ ಅಲ್ಲಿ ಆಡಂಬರವಲ್ಲ. ಯುವಿ ದೀಪ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆಯೇ ಹೊರತು ಫ್ಲೋರೈಡನ್ನು ತೆಗೆಯುವುದಿಲ್ಲ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂವರೆಗಿನ ಫ್ಲೋರೈಡ್ ಸ್ವೀಕಾರಾರ್ಹ, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅಂಗಡಿಯವರು ಲೋಟದಲ್ಲಿ ಅದ್ದಿ ತೋರಿಸುವ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣಾಂಶ) ಮೀಟರ್ ಫ್ಲೋರೈಡನ್ನು ಪ್ರತ್ಯೇಕವಾಗಿ ಅಳೆಯುವುದಿಲ್ಲವಾದ್ದರಿಂದ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿಯೇ ನಿರ್ಧರಿಸಬೇಕು. ಫ್ಲೋರೈಡಿನಂಥ ತೊಂದರೆ ಇಲ್ಲದೆ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವ ನೀರಿಗೆ ಆರ್‌ಒ ಹಾಕಿಸಿದರೆ ಒಳ್ಳೆಯ ನೀರೇ ಮೋರಿಗೆ ಹೋಗುತ್ತದೆ. ತಾಮ್ರದ ಗುಣ, ಕ್ಷಾರಗುಣ ಎಂದು ಮುಖಪಟ್ಟಿಯಲ್ಲಿ ಮಿನುಗುವ ಪದಗಳಿಗೆ ಹೆಚ್ಚುವರಿ ಹಣ ಕೊಡಬೇಕಾಗಿಲ್ಲ.

ಫ್ರಿಜ್ ಕೊಳ್ಳುವಾಗ ಬಾಗಿಲಿನ ಪರದೆಯನ್ನು ಬಿಟ್ಟು ಎರಡು ಅಂಕಿಗಳನ್ನು ಓದಿದರೆ ಸಾಕು: ನಕ್ಷತ್ರದ ಚೀಟಿಯಲ್ಲಿ ಬರೆದಿರುವ ವಾರ್ಷಿಕ ಯೂನಿಟ್‌ಗಳು, ಮತ್ತು ಸ್ಟೆಬಿಲೈಸರ್ ಇಲ್ಲದೆ ಅದು ತಾಳಬಲ್ಲ ವೋಲ್ಟೇಜಿನ ಮಿತಿ. ಬೇಸಿಗೆಯಲ್ಲಿ ಪಂಪ್‌ಸೆಟ್‌ಗಳು ಓಡುವ ಹೊತ್ತಿನಲ್ಲಿ ಹಳ್ಳಿಯ ಲೈನಿನಲ್ಲಿ ವೋಲ್ಟೇಜು ಎಷ್ಟು ಇಳಿಯುತ್ತದೆಂದು ಬಲ್ಲವರಿಗೆ ಎರಡನೆಯ ಅಂಕಿಯ ಬೆಲೆ ಗೊತ್ತಿರುತ್ತದೆ. ಮಿಕ್ಸಿಯ ಜೊತೆ ಬರುವ ಹಿಟ್ಟು ಕಲಸುವ ಪಾತ್ರೆ ನಮ್ಮ ಮನೆಯಲ್ಲಿ ಅಟ್ಟ ಸೇರಿ ವರ್ಷಗಳಾದವು. ಚಪಾತಿ ಅಪರೂಪ, ಮುದ್ದೆಯೋ ಒಲೆಯ ಮೇಲೆಯೇ ಕೋಲಿನಿಂದ ತಿರುವಬೇಕಾದದ್ದು. ಬ್ರಷ್ ಇಲ್ಲದ ಮೋಟಾರಿನ ಬಿಎಲ್‌ಡಿಸಿ ಫ್ಯಾನು ಮಾತ್ರ ಹೊಸತಾದರೂ ಕೊಳ್ಳತಕ್ಕದ್ದೇ, ಏಕೆಂದರೆ ಹಳೆಯ ಫ್ಯಾನು ಎಳೆಯುವ ಸುಮಾರು 75 ವ್ಯಾಟ್‌ನ ಜಾಗದಲ್ಲಿ ಅದು 30ರ ಆಸುಪಾಸಿನಲ್ಲಿ ತಿರುಗುತ್ತದೆ.

ಹಣ ಕೊಡುವ ಮೊದಲು ವಾರಂಟಿಯನ್ನು ಬಿಡಿಸಿ ಕೇಳಬೇಕು. ಹತ್ತು ವರ್ಷ ಎಂದು ದಪ್ಪ ಅಕ್ಷರದಲ್ಲಿ ಬರೆದಿರುವುದು ಸಾಮಾನ್ಯವಾಗಿ ಮೋಟಾರಿಗೋ ಕಂಪ್ರೆಸರಿಗೋ ಮಾತ್ರ. ಟಚ್ ಗುಂಡಿಗಳನ್ನೂ ಪರದೆಯನ್ನೂ ನಡೆಸುವ ಬೋರ್ಡಿಗೆ ಅದು ಅನ್ವಯಿಸದಿರಬಹುದು. ಬೋರ್ಡ್ ಕೆಟ್ಟರೆ ತಗಲುವ ಬೆಲೆಯೆಷ್ಟು, ಅದು ತುಮಕೂರಿನಲ್ಲೇ ಸಿಗುತ್ತದೆಯೋ ಬೆಂಗಳೂರಿನಿಂದ ಬರಬೇಕೋ ಎಂದು ವಿಚಾರಿಸಿ, ಉತ್ತರವನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆಸಿಕೊಳ್ಳಿ. ಮೆಷಿನ್ ಜೋಡಿಸಲು ಬಂದ ಮೆಕ್ಯಾನಿಕ್ ಹೊರಡುವ ಮುನ್ನ ಅವರೆದುರಿಗೇ ಒಮ್ಮೆ ಬಟ್ಟೆ ಹಾಕಿ, ಒಗೆತದ ನಡುವೆ ಸ್ವಿಚ್ ಆರಿಸಿ, ಎರಡು ನಿಮಿಷ ಬಿಟ್ಟು ಹಾಕಿ, ನಿಂತಲ್ಲಿಂದ ಮುಂದುವರಿಯುತ್ತದೆಯೇ ನೋಡಿ.