ಗಿಟಾರ್ ತಂತಿ ಝರ್ ಅಂದಾಗ: ಮೊದಲು ಅಳತೆ, ಆಮೇಲೆ ಕೀ

ತಂತಿ ಝರ್ ಅಂದ ಕೂಡಲೇ ಬ್ರಿಡ್ಜಿನ ಸ್ಯಾಡಲ್ (ಗಿಟಾರಿನ ಮೈಮೇಲೆ ತಂತಿಯನ್ನು ಹೊರುವ ಸಣ್ಣ ತುಂಡು) ಎತ್ತುವುದು ಹೆಚ್ಚಿನವರ ಅಭ್ಯಾಸ. ಶಬ್ದವೇನೋ ನಿಲ್ಲುತ್ತದೆ. ಆದರೆ ಬೆರಳು ನೋಯುತ್ತದೆ, ಒತ್ತಿದಾಗ ಸ್ವರ ಏರುತ್ತದೆ, ಮೂಲ ದೋಷ ಇದ್ದಲ್ಲೇ ಇರುತ್ತದೆ. ನಾನು ಸರಿಪಡಿಸಿದ್ದು ಸ್ಟ್ರಾಟೋಕಾಸ್ಟರ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್: 25.5 ಇಂಚಿನ (648 ಮಿ.ಮೀ.) ಸ್ಕೇಲ್, ಅಂದರೆ ಕಂಪಿಸುವ ತಂತಿಯ ಉದ್ದ; 9.5 ಇಂಚಿನ ರೇಡಿಯಸ್, ಅಂದರೆ ಫ್ರೆಟ್‌ಬೋರ್ಡಿನ ಅಡ್ಡ ಬಾಗು; 22 ಫ್ರೆಟ್ (ಅದರ ಮೇಲಿನ ಲೋಹದ ಪಟ್ಟಿಗಳು). 10-46 ತಂತಿ (ಅತಿ ತೆಳು ಮತ್ತು ಅತಿ ದಪ್ಪ ತಂತಿಯ ಗಾತ್ರ, ಇಂಚಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ) ತೆಗೆದು ಇನ್ನೂ ತೆಳುವಾದ 9-42 ಹಾಕಿದ ಮೇಲೆ ಝರ್ ಶುರುವಾಗಿತ್ತು. ಹುಡುಕಿದರೆ ಸಿಕ್ಕಿದ್ದು ಮೂರು ದೋಷ, ಮೂರೂ ಬೇರೆ ಬೇರೆ ಜಾಗದಲ್ಲಿ. ಅದರಲ್ಲಿ ಒಂದಕ್ಕೂ ಸ್ಯಾಡಲ್ ಕಾರಣವಲ್ಲ.

ಬೇಕಾದ ಸಾಮಾನು ಹೆಚ್ಚಿಲ್ಲ. ಫೀಲರ್ ಗೇಜ್‌ಗೆ (ಸಂದು ಅಳೆಯುವ ತೆಳು ಲೋಹದ ಎಲೆಗಳ ಕಟ್ಟು) ಸಂಗೀತದ ಅಂಗಡಿಗೆ ಹೋಗಬೇಕಿಲ್ಲ. ಗ್ಯಾರೇಜಿನವರು ಟ್ಯಾಪೆಟ್ ಸೆಟ್ಟಿಂಗ್‌ಗೆ ಬಳಸುವುದೇ ಸಾಕು. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯ ಆಟೋ ಬಿಡಿಭಾಗದ ಅಂಗಡಿಗಳಿವೆ. 0.05 ಮಿ.ಮೀ. ಎಲೆಯಿಂದ ಶುರುವಾಗುವ ಸೆಟ್ ತೆಗೆದುಕೊಳ್ಳಿ. ಜೊತೆಗೆ ಒಂದು ಕ್ಯಾಪೊ (ಎಲ್ಲ ತಂತಿಯನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್), ಅರ್ಧ ಮಿ.ಮೀ. ಗೆರೆಗಳಿರುವ ಸ್ಟೀಲ್ ಸ್ಕೇಲ್, ಅಲೆನ್ ಕೀ. ಈ ಗಿಟಾರಿನ ಟ್ರಸ್ ರಾಡ್‌ಗೆ (ನೆಕ್, ಅಂದರೆ ಗಿಟಾರಿನ ಕತ್ತಿನೊಳಗಿನ ಲೋಹದ ಸರಳು) 4 ಮಿ.ಮೀ., ಸ್ಯಾಡಲ್‌ಗೆ 1.5 ಮಿ.ಮೀ. ಕೂತಿತು. ಅಮೆರಿಕದಲ್ಲಿ ತಯಾರಾದವುಗಳಲ್ಲಿ ಸಾಮಾನ್ಯವಾಗಿ ಇಂಚಿನ ಅಳತೆ ಇರುತ್ತದೆ. ಹತ್ತಿರದ ಅಳತೆಯ ಕೀ ತುರುಕಿ ತಿರುಗಿಸಿದರೆ ರಾಡಿನ ನಟ್‌ನ ಮೂಲೆಗಳು ಸವೆದು ಹೋಗುತ್ತವೆ, ಮತ್ತೆ ಅದನ್ನು ತೆಗೆಯುವುದೇ ದೊಡ್ಡ ಕೆಲಸ.

ಮೊದಲು ಕೇಬಲ್ ಕಳಚಿ ನುಡಿಸಿ. ಆಗ ಶಬ್ದವೇ ಇಲ್ಲ, ಆಂಪ್‌ಗೆ ಹಾಕಿದಾಗ ಮಾತ್ರ ಗುಂಯ್ ಎನ್ನುತ್ತದೆ ಎಂದಾದರೆ ಅದು ಕರೆಂಟಿನ ಹಮ್, ತಂತಿಯದಲ್ಲ. ಅದರ ದಾರಿಯೇ ಬೇರೆ. ಆಮೇಲೆ ತಂತಿ ಬಿಗಿಮಾಡುವ ಟ್ಯೂನರ್‌ನ ನಟ್, ಜ್ಯಾಕ್, ಸ್ಯಾಡಲ್ ಸ್ಕ್ರೂ, ಹಿಂದಿನ ಸ್ಪ್ರಿಂಗ್ ಇವನ್ನು ಒಂದೊಂದಾಗಿ ಬೆರಳಲ್ಲಿ ಅದುಮಿ ಮೀಟಿ. ಒಂದು ಸ್ಯಾಡಲ್‌ನ ಎರಡು ಸ್ಕ್ರೂಗಳಲ್ಲಿ ಒಂದು ತಳ ಮುಟ್ಟದೆ ತೇಲುತ್ತಿದ್ದರೂ ಸಾಕು, ಫ್ರೆಟ್‌ಗೆ ತಂತಿ ಬಡಿದಂತೆಯೇ ಕೇಳಿಸುತ್ತದೆ.

ಮುಂದೆ ಪೂರ್ತಿ ಟ್ಯೂನ್ ಮಾಡಿ, ಆರೂ ತಂತಿಯನ್ನು ತೆರೆದು, ಬಳಿಕ ಒಂದೊಂದು ಫ್ರೆಟ್‌ನಲ್ಲಿ ಒತ್ತಿ, ಒಂದೇ ಬಲದಲ್ಲಿ ಮೀಟುತ್ತಾ ಕಾಗದದಲ್ಲಿ ಗುರುತು ಹಾಕಿದೆ. ಅರ್ಧ ಗಂಟೆಯ ಕೆಲಸ, ಆದರೆ ರೋಗ ಗೊತ್ತಾಗುವುದು ಇಲ್ಲೇ. ನನಗೆ ಸಿಕ್ಕಿದ್ದು: 6 (ಎಲ್ಲಕ್ಕಿಂತ ದಪ್ಪದ್ದು) ಮತ್ತು 5ನೇ ತಂತಿ 1ರಿಂದ 4ನೇ ಫ್ರೆಟ್‌ವರೆಗೆ, 4ನೇ ತಂತಿ ತೆರೆದು ಮೀಟಿದಾಗ ಮಾತ್ರ, 3ನೇ ತಂತಿ 14ನೇ ಫ್ರೆಟ್‌ನಲ್ಲಿ ಮಾತ್ರ. ಮೊದಲ ಫ್ರೆಟ್‌ಗಳಲ್ಲಿ ಝರ್ ಬಂದರೆ ನೆಕ್ ತೀರಾ ನೇರವಾಗಿದೆ, ಇಲ್ಲವೇ ಹಿಂದಕ್ಕೆ ಬಾಗಿದೆ. ತೆರೆದ ತಂತಿಯಲ್ಲಿ ಮಾತ್ರ ಬಂದರೆ ನಟ್‌ನಲ್ಲಿ (ಸ್ಕ್ರೂವಿನ ನಟ್ ಅಲ್ಲ, ನೆಕ್‌ನ ತುದಿಯಲ್ಲಿ ತಂತಿಗಳು ಹಾದುಹೋಗುವ ಪಟ್ಟಿ) ತಂತಿ ಕೂರುವ ಕಚ್ಚು ನೋಡಬೇಕು. ಒಂದೇ ಫ್ರೆಟ್‌ನಲ್ಲಿ ಬಂದರೆ ಅದರ ಮುಂದಿನ ಫ್ರೆಟ್ ಎದ್ದಿರುತ್ತದೆ, ಅಥವಾ ಒತ್ತಿದ ಫ್ರೆಟ್ಟೇ ಸವೆದಿರುತ್ತದೆ.

ನೆಕ್‌ನಿಂದ ಶುರು ಮಾಡಿದೆ, ಏಕೆಂದರೆ ಅದು ಬದಲಾದರೆ ಉಳಿದ ಅಳತೆಗಳೆಲ್ಲ ಬದಲಾಗುತ್ತವೆ. ತಂತಿ ಕಂಪಿಸಲು ನೆಕ್ ನಡುವಿನಲ್ಲಿ ಕೂದಲೆಳೆಯಷ್ಟು ತಗ್ಗಿರಬೇಕು. 10-46ರಿಂದ 9-42ಕ್ಕೆ ಇಳಿದಾಗ ಆರು ತಂತಿಗಳ ಒಟ್ಟು ಎಳೆತ ಸುಮಾರು 8 ಕೆ.ಜಿ. ಕಡಿಮೆಯಾಗುತ್ತದೆ, ಆದರೆ ರಾಡ್ ಮೊದಲಿನಷ್ಟೇ ಬಿಗಿಯಾಗಿ ಎದುರೆಳೆಯುತ್ತಿರುತ್ತದೆ. ಹಾಗಾಗಿ ತಗ್ಗು ಮಾಯ. ಮೊದಲ ಫ್ರೆಟ್‌ಗೆ ಕ್ಯಾಪೊ ಹಾಕಿ, 6ನೇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ, 8ನೇ ಫ್ರೆಟ್ ಮತ್ತು ತಂತಿಯ ನಡುವೆ ಗೇಜ್ ತೂರಿಸಿದೆ. 0.05ರ ಎಲೆಯೂ ನುಸುಳಲಿಲ್ಲ. ಈ ರೇಡಿಯಸ್‌ಗೆ ಬೇಕಾದದ್ದು 0.25 ಮಿ.ಮೀ.

ಹೆಡ್‌ಸ್ಟಾಕ್ (ಟ್ಯೂನರ್‌ಗಳಿರುವ ತುದಿ) ಕಡೆಯಿಂದ ಬಾಡಿಯತ್ತ ನೋಡುತ್ತಾ ರಾಡನ್ನು ಎಡಕ್ಕೆ ಕಾಲು ಸುತ್ತು ಸಡಿಲಿಸಿದೆ. ಮತ್ತೆ ಟ್ಯೂನ್ ಮಾಡಿ ಅಳೆದರೆ 0.15. ಇನ್ನೊಂದು ಅರೆಕಾಲು ಸುತ್ತು ಕೊಟ್ಟು ಅಲ್ಲಿಗೇ ಬಿಟ್ಟೆ. ಮರುದಿನ ಬೆಳಿಗ್ಗೆ 0.25 ಇತ್ತು. ಮರ ನಿಧಾನಕ್ಕೆ ಕೂರುತ್ತದೆ, ಒಂದೇ ಸಲ ಮುಗಿಸುವ ಅವಸರ ಬೇಡ. ಬಿಗಿಮಾಡಬೇಕಾದ ಸಂದರ್ಭದಲ್ಲಿ ರಾಡ್ ಬಲವಾಗಿ ತಡೆದರೆ ಅಲ್ಲಿಗೇ ನಿಲ್ಲಿಸಿ. ಮುರಿದ ರಾಡಿಗೆ ಮನೆಮದ್ದಿಲ್ಲ.

ಈಗ ಸ್ಯಾಡಲ್. 17ನೇ ಫ್ರೆಟ್ ಮೇಲೆ ತಂತಿಯ ತಳಕ್ಕೆ ಸ್ಕೇಲ್ ಹಿಡಿದು 1ನೇ ತಂತಿಗೆ 1.6, 6ನೇ ತಂತಿಗೆ 1.8 ಮಿ.ಮೀ. ಇಟ್ಟೆ, ದಪ್ಪ ತಂತಿ ಹೆಚ್ಚು ಅಗಲಕ್ಕೆ ಬೀಸುತ್ತದೆ. ಸ್ಯಾಡಲ್ 1 ಮಿ.ಮೀ. ಏರಿಸಿದರೆ 12ನೇ ಫ್ರೆಟ್‌ನಲ್ಲಿ ಏರುವುದು ಅರ್ಧ ಮಿ.ಮೀ. ಮಾತ್ರ.

ನಟ್‌ನ ದೋಷ ವಿವರವಾಗಿ ನೋಡುವಂಥದ್ದು. 4ನೇ ತಂತಿಯನ್ನು 2 ಮತ್ತು 3ನೇ ಫ್ರೆಟ್‌ಗಳ ನಡುವೆ ಒತ್ತಿ, ಮೊದಲ ಫ್ರೆಟ್ ಮೇಲೆ ತಂತಿಯನ್ನು ತಟ್ಟಿದರೆ ಸಣ್ಣಗೆ ಟಿಕ್ ಅನ್ನಬೇಕು. ಅಂದಿತು, ಅಂದರೆ ಕಚ್ಚು ಆಳವಾಗಿಲ್ಲ. ಭೂತಗನ್ನಡಿಯಲ್ಲಿ ನೋಡಿದಾಗ ತಿಳಿಯಿತು: ಕಚ್ಚಿನ ತಳ ಟ್ಯೂನರ್ ಕಡೆಗೆ ಇಳಿಯುವ ಬದಲು ಚಪ್ಪಟೆಯಾಗಿತ್ತು, ಮುಂಭಾಗ ಸವೆದಿತ್ತು. ತಂತಿ ಹಿಂದಿನ ಅಂಚಿನಿಂದ ಹೊರಟು ಮುಂದಿನ ಅಂಚನ್ನು ಸವರುತ್ತಿತ್ತು. ತಂಬೂರಿಯ ಕುದುರೆಯ ಮೇಲೆ ತಂತಿ ಅಗಲವಾದ ಮೈಯನ್ನು ಸವರಿ ಝೇಂಕರಿಸುವುದೂ ಹೀಗೆಯೇ. ಅಲ್ಲಿ ನೂಲಿಟ್ಟು ಬೇಕೆಂದೇ ಬರಿಸುವ ನಾದ ಇಲ್ಲಿ ರೋಗ. 0.026 ಇಂಚಿನ ಹಳೆಯ ಸುತ್ತುತಂತಿಯನ್ನೇ ಅರದಂತೆ ಬಳಸಿ, ಹಿಂದಕ್ಕೆ ಇಳಿಜಾರು ಬರುವಂತೆ, ಫ್ರೆಟ್‌ಬೋರ್ಡ್ ಕಡೆಯ ಅಂಚನ್ನು ಮುಟ್ಟದೆ ನಾಲ್ಕೈದು ಸಲ ಉಜ್ಜಿದೆ. ಕಚ್ಚು ನಿಜಕ್ಕೂ ಆಳವಾಗಿದ್ದರೆ ಅಡುಗೆ ಸೋಡಾ ತುಂಬಿ, ಒಂದು ಹನಿ ಫೆವಿಕ್ವಿಕ್ ಬಿಟ್ಟು, ಗಟ್ಟಿಯಾದ ಮೇಲೆ ಹೊಸದಾಗಿ ಅರೆಯಬಹುದು. ಅಕ್ಕಪಕ್ಕ ಟೇಪ್ ಅಂಟಿಸದೆ ಅಂಟು ಮುಟ್ಟಬೇಡಿ.

ಕೊನೆಗೆ 15ನೇ ಫ್ರೆಟ್. 14, 15, 16ರ ಮೇಲೆ ಕೂರುವ, ಆದರೆ ನಾಲ್ಕನೆಯದನ್ನು ಮುಟ್ಟದ 4 ಸೆಂ.ಮೀ. ಉದ್ದದ ನೇರ ಲೋಹದ ತುಂಡನ್ನು 3ನೇ ತಂತಿಯ ಕೆಳಗೆ ಇಟ್ಟರೆ ತೊಟ್ಟಿಲಿನಂತೆ ತೂಗಿತು. ಐಸ್‌ಕ್ರೀಮ್ ಕಡ್ಡಿಯಿಂದ ಅದುಮಿದರೆ ಫ್ರೆಟ್ ಅಲುಗಲಿಲ್ಲ; ಅಲುಗಿದ್ದರೆ ತೆಳು ಅಂಟು ಇಳಿಸಿ ಒತ್ತಿ ಹಿಡಿದರೆ ಸಾಕಿತ್ತು. ತಂತಿ ಸಡಿಲಿಸಿ ಬದಿಗೆ ಸರಿಸಿ, ಮರಕ್ಕೂ ಪಿಕಪ್‌ಗಳಿಗೂ ಟೇಪ್ ಹಾಕಿ (ಲೋಹದ ಪುಡಿ ಒಳಗೆ ಹೋಗದಿರಲಿ ಎಂದು), ಫ್ರೆಟ್ ತಲೆಗೆ ಮಾರ್ಕರ್ ಬಳಿದು, ಸಣ್ಣ ಡೈಮಂಡ್ ಅರದಿಂದ ಉಜ್ಜಿದೆ. ಮೂರು ಎಳೆತಕ್ಕೊಮ್ಮೆ ಲೋಹದ ತುಂಡು ಇಟ್ಟು ನೋಡುತ್ತಿದ್ದೆ, ತೂಗುವುದು ನಿಂತ ಕ್ಷಣ ಅರ ಕೆಳಗಿಟ್ಟೆ. ಚಪ್ಪಟೆಯಾದ ತಲೆಯ ಎರಡೂ ಅಂಚು ದುಂಡಗೆ ಮಾಡಿ, ನಡುವೆ ಮಾರ್ಕರ್‌ನ ಕೂದಲಗಲ ಗೆರೆ ಉಳಿಸಿ, 600, 1000, 2000 ನಂಬರಿನ ವಾಟರ್ ಪೇಪರ್‌ನಲ್ಲಿ ಹೊಳಪು ಕೊಟ್ಟೆ.

ಮತ್ತೆ ಟ್ಯೂನ್ ಮಾಡಿ, 12ನೇ ಫ್ರೆಟ್‌ನ ಹಾರ್ಮೋನಿಕ್‌ಗೂ (ತಂತಿಯನ್ನು ಒತ್ತದೆ ಬರಿದೇ ಮುಟ್ಟಿ ಮೀಟಿದ ಸ್ವರ) ಒತ್ತಿದ ಸ್ವರಕ್ಕೂ ಹೊಂದಿಸಿದೆ: ಒತ್ತಿದ್ದು ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಇನ್ನೊಮ್ಮೆ ಕಾಗದ ಹಿಡಿದು ಎಲ್ಲ ಫ್ರೆಟ್ ಮೀಟಿದೆ. 6ನೇ ತಂತಿಯ 2ನೇ ಫ್ರೆಟ್ ಬಲವಾಗಿ ಮೀಟಿದರೆ ಮಾತ್ರ ಸಣ್ಣಗೆ ಝರ್ ಅನ್ನುತ್ತದೆ. ಆಂಪ್‌ನ ಕ್ಲೀನ್ ಟೋನ್‌ನಲ್ಲಿ ಅದು ಕೇಳುವುದಿಲ್ಲ, ಸ್ವರವೂ ಬೇಗ ಸಾಯುವುದಿಲ್ಲ. ಅದನ್ನು ಹಾಗೇ ಬಿಟ್ಟೆ.