ಕಾಂಪ್ ಆಫ್, ಸಿಕ್ ಲೀವ್ ಲೆಕ್ಕ ನೀವೂ ಬರೆದಿಡಿ

ಮಾಚೇನಹಳ್ಳಿ ಕಡೆ ಫ್ಯಾಕ್ಟರಿ ಕೆಲಸಕ್ಕೆ ಹೋಗುವವರೇ, ಇದನ್ನು ದಯವಿಟ್ಟು ಓದಿ. ಹೋದ ಮಳೆಗಾಲದಲ್ಲಿ ನನಗೆ ಜ್ವರ ಬಂದು ನಾಲ್ಕು ದಿನ ಮಲಗಿದ್ದೆ. ಸಂಬಳ ಬಂದಾಗ ನೋಡಿದರೆ ಎರಡು ದಿನ ಗೈರುಹಾಜರಿ, ಉಳಿದೆರಡಕ್ಕೆ ನಾನು ಭಾನುವಾರ ದುಡಿದು ಗಳಿಸಿದ್ದ ಕಾಂಪ್ ಆಫ್ (ರಜೆ ದಿನ ದುಡಿದದ್ದಕ್ಕೆ ಸಿಗುವ ಬದಲಿ ರಜೆ) ಕಟ್! ಜಗಳ ಆಡಲಿಲ್ಲ. ಜೇಬಿನ ಪುಟ್ಟ ಡೈರಿ ತೆಗೆದೆ. ಯಾವ ಭಾನುವಾರ, ಯಾವ ಶಿಫ್ಟ್, ಯಾರು ಹೇಳಿದ್ದು, ಎಲ್ಲ ಅದರಲ್ಲಿತ್ತು, ಮಳೆಗೆ ಶಾಯಿ ಹರಡಿದ್ದರೂ ತಾರೀಕು ಓದಲು ಬರುತ್ತಿತ್ತು. ಡಾಕ್ಟರ್ ಚೀಟಿಯ ಫೋಟೋ ಮೊಬೈಲಿನಲ್ಲಿತ್ತು. ಹಾಜರಿ ಪುಸ್ತಕದ ಪಕ್ಕ ಇಟ್ಟು ಸಾಲುಸಾಲಾಗಿ ತಾಳೆ ನೋಡಿದ ಮೇಲೆ ಫ್ಯಾಕ್ಟರಿಯವರು ತಪ್ಪು ಒಪ್ಪಿ ಸರಿ ಮಾಡಿದರು.

ಬಾಯಿಮಾತು ಸಾಲಲ್ಲ. "ಈ ಭಾನುವಾರ ಬಂದಿದ್ದೆ, ಬದಲಿ ರಜೆ ಬರೆದುಕೊಳ್ಳಿ" ಅಂತ ಅವತ್ತೇ ಸೂಪರ್‌ವೈಸರ್‌ಗೆ ಮೆಸೇಜ್ ಹಾಕಿ. ಕಾರ್ಖಾನೆ ಕಾನೂನಿನಲ್ಲಿ ತಪ್ಪಿದ ವಾರದ ರಜೆಗೆ ಬದಲಿ ರಜೆಯನ್ನು ಅದೇ ತಿಂಗಳು ಅಥವಾ ಮುಂದಿನ 2 ತಿಂಗಳೊಳಗೆ ಕೊಡಬೇಕು, ಹಾಗಾಗಿ ಸುಮ್ನೆ ಕೂಡಿಟ್ಟುಕೊಳ್ಳಬೇಡಿ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದ್ದವರು ಅಲ್ಲಿನ ಡಾಕ್ಟರ್ ಸರ್ಟಿಫಿಕೇಟನ್ನೇ ತನ್ನಿ. ಇಎಸ್‌ಐಗೆ ವಂತಿಗೆ ಕಟ್ಟಿದ ದಿನಗಳು ಸಾಕಷ್ಟಿದ್ದರೆ ಕಾಯಿಲೆ ರಜೆಗೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70 ಸಿಗುತ್ತದೆ. ಮಾತಿನಲ್ಲಿ ಬಗೆಹರಿಯದಿದ್ದರೆ ಲಿಖಿತವಾಗಿ ಕೊಟ್ಟು, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಆಮೇಲೂ ಆಗದಿದ್ದರೆ ಅದೇ ಪ್ರತಿ ಹಿಡಿದು ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ.